ತುಪ್ಪ ಸೀತಾಳೆ – ಏಳನೆಯ ಕಂತು: ಬೇರಿನ ಉಪ್ಪು

ಹೆಡ್ ಕಾನ್‌ಸ್ಟೇಬಲ್ ಶೇಖರ ಗುಡಿಸಲಿನ ಸೋಗೆ ಮಾಡಿನೊಳಗೆ ಮೊಣಕೈವರೆಗೆ ಕೈ ತೂರಿಸಿ ಎಳೆದ. ಮೊದಲು ಬಂದದ್ದು ಇಲಿಯ ಗೂಡು. ಆಮೇಲೆ ಬಂದದ್ದು ಒಂದು ಸಿಮೆಂಟು ಚೀಲ.

ಚೀಲವನ್ನು ಅಂಗಳಕ್ಕೆ ಕೊಡವಿದಾಗ ಮರದ ಮೇಲೆ ಬೆಳೆಯುವ ಒಂದು ಆರ್ಕಿಡ್ ಗಿಡ ಬಿತ್ತು. ದಪ್ಪ ಪಟ್ಟಿಯಂಥ ಎಲೆಗಳು ಸುಕ್ಕುಗಟ್ಟಿದ್ದವು. ಹುರಿಹಗ್ಗದಂಥ ಬೇರುಗಳು ಅಡ್ಡಾದಿಡ್ಡಿ ಕಿತ್ತುಹೋಗಿದ್ದವು. ಕಾಯಿ ಇರಬೇಕಾದ ಜಾಗದಲ್ಲಿ ಮುರಿದ ತೊಟ್ಟು ಮಾತ್ರ ಉಳಿದಿತ್ತು.

“ಇದೇ,” ಎಂದರು ಲಿಯೋನೆಲ್ ಪಿಂಟೊ. ಬಗ್ಗಿ ಕೂಡ ನೋಡಲಿಲ್ಲ. “ಶನಿವಾರ ಕದ್ದದ್ದು ಇದನ್ನೇ. ನನ್ನ ತುಪ್ಪ ಸೀತಾಳೆ. ಮುಗಿಯಿತು.”

ಅಷ್ಟು ಹೇಳಿ ಮೆಟ್ಟಿಲ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡರು.

ಗುಡಿಸಲಿನ ಯಜಮಾನ ಪರಮಾನಂದ ಇಬ್ಬರು ಪೊಲೀಸರ ನಡುವೆ ನಿಂತಿದ್ದ. ಗದಗದ ಕಡೆಯವನು. ಲಿಯೋನೆಲ್ ಅವರ ಕಾಪು ತೋಟದಲ್ಲಿ ನೀರು ಹಾಯಿಸುವ ಕೆಲಸ. ಮುಂದೆ ಬಂದು ಮಾತಾಡಿದ್ದು ಅವನ ಹೆಂಡತಿ ಹನುಮವ್ವ.

“ಬಾಯಾರ, ನೀವಾದ್ರೂ ಹೇಳ್ರೀ! ನಿಮ್ಮ ಮಾತಿನ ಮ್ಯಾಲ ಈ ಮನಿಗೆ ಕೆಲಸಕ್ಕ ಬಂದೀವ್ರೀ ನಾವು. ಕಳ್ಳರಂತ ಹೇಳಿ ಕಳಸ್ತೀರೇನ್ರೀ?”

ಅವಳು ಕೇಳಿದ್ದು ಬರ್ತಾಬಾಯಿಯನ್ನು.

ಉಡುಪಿಯಲ್ಲಿ ಬರ್ತಾಬಾಯಿಯ ಕಸುಬು ಎಲ್ಲರಿಗೂ ಗೊತ್ತು. ಗಲ್ಫಿನಲ್ಲಿರುವ ಹುಡುಗನಿಗೆ ಹೆಣ್ಣು ನೋಡುವವರು, ಮಗಳಿಗೆ ಗಂಡು ನೋಡುವವರು ಮೊದಲು ಅವರ ಕೋಣೆಯ ಮೆಟ್ಟಿಲು ಹತ್ತುತ್ತಿದ್ದರು. ಹುಡುಗ ಕುಡಿಯುತ್ತಾನೋ, ಹುಡುಗಿಗೆ ಮೊದಲೇ ಮನಸ್ಸು ಬೇರೆಡೆ ಉಂಟೋ, ಅತ್ತೆ ಎಂಥವಳು, ಇವನ್ನೆಲ್ಲ ಅವರು ಪಾತ್ರೆ ತೊಳೆಯುವವರ ಹತ್ತಿರ, ಹಾಲು ಹಾಕುವವರ ಹತ್ತಿರ ಕೂತು ಮಾತಾಡಿ ತಿಳಿದು ಹೇಳುತ್ತಿದ್ದರು. ಇಪ್ಪತ್ತು ವರ್ಷಗಳಲ್ಲಿ ಅವರ ಮಾತು ಸುಳ್ಳಾದದ್ದಿಲ್ಲ. ಪರಮಾನಂದ ನಂಬಿಗಸ್ತ ಎಂದು ಲಿಯೋನೆಲ್‌ಗೆ ಹೇಳಿದವರೂ ಅವರೇ.

“ಅಳಬೇಡ ಹನುಮವ್ವ. ಅಳುವುದಕ್ಕೆ ಇನ್ನೂ ಸಮಯ ಉಂಟು,” ಎಂದು ಬರ್ತಾಬಾಯಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. “ಶೇಖರ, ಆ ಗಿಡ ಇಲ್ಲಿ ಕೊಡಿ.”

“ಅದು ಸಾಕ್ಷಿ, ಬಾಯಿ.”

“ಸಾಕ್ಷಿಯನ್ನು ನಾನು ತಿಂದುಬಿಡುವುದಿಲ್ಲ ಮಾರಾಯ.”

ಶೇಖರ ಕೊಟ್ಟ. ಬರ್ತಾಬಾಯಿ ಒಂದು ಬೇರನ್ನು ಬೆಳಕಿಗೆ ಹಿಡಿದು ನೋಡಿದರು. ಬೇರಿನ ಮೇಲೆ ಬೂದಿ ಬಳಿದ ಹಾಗೆ ಬಿಳಿಯ ಪುಡಿ ಕೂತಿತ್ತು. ಉಗುರಿನಿಂದ ಕೆರೆದರು. ಆಮೇಲೆ ಎಲ್ಲರೂ ನೋಡುತ್ತಿದ್ದಂತೆ ಆ ಬೇರನ್ನು ನಾಲಗೆಗೆ ತಾಗಿಸಿ ನೆಕ್ಕಿದರು.

“ಈಗಷ್ಟೇ ತಿನ್ನುವುದಿಲ್ಲ ಅಂದ್ರಿ!” ಶೇಖರ ಮುಖ ಸಿಂಡರಿಸಿದ.

“ಪರಮಾನಂದ,” ಬರ್ತಾಬಾಯಿ ತಿರುಗಿದರು, “ಸೀತಾಳೆಗೆ ನೀನು ಬಾವಿ ನೀರು ಹಾಕಿದ್ದು ಯಾವಾಗ?”

ಅಷ್ಟು ಹೊತ್ತು ಕಲ್ಲಾಗಿದ್ದ ಪರಮಾನಂದ ಬೆಚ್ಚಿಬಿದ್ದ. “ಬಾವಿ ನೀರು? ಸೀತಾಳಿಗೆ? ಏನ್ ಮಾತ್ರೀ ಯವ್ವಾ! ಸಾಹೇಬ್ರು ನನ್ನ ಚರ್ಮಾ ಸುಲೀತಿದ್ರು. ಆ ಗಿಡದ ನೀರು ಅವರದ ಕೈಲೆ. ನಂಗ ಮುಟ್ಟಾಕೂ ಬಿಡ್ತಿದ್ದಿಲ್ರೀ.”

“ಯಾಕೆ?”

“ಬಾವಿ ನೀರು ಸವುಳಲ್ಲೇನ್ರೀ.”

ಕಾಪುವಿನ ಕಡಲಬದಿಯ ಬಾವಿಗಳ ಕಥೆ ಅಷ್ಟೇ. ಶಿವರಾತ್ರಿ ಕಳೆದು ಬಿಸಿಲು ಏರಿತೆಂದರೆ ಸಮುದ್ರ ಒಳಗಿಂದ ಒಳಗೇ ಬಂದು ಬಾವಿಗೆ ಸೇರುತ್ತದೆ. ಅದಕ್ಕೇ ಲಿಯೋನೆಲ್ ಮನೆಯ ಮಾಡಿಗೆ ದಂಬೆ ಕಟ್ಟಿ, ಮಳೆಗಾಲದ ನೀರನ್ನೆಲ್ಲ ಸಿಮೆಂಟಿನ ತೊಟ್ಟಿಗೆ ಇಳಿಸಿ, ಮೇ ತಿಂಗಳವರೆಗೆ ಮುಚ್ಚಿಡುತ್ತಿದ್ದರು. ಸೀತಾಳೆಗಳಿಗೆ ಆ ನೀರು ಬಿಟ್ಟರೆ ಬೇರೆ ಇಲ್ಲ.

ಬರ್ತಾಬಾಯಿ ನೆರಳಮನೆಗೆ ಹೋದರು. ಹಳೆಯ ಮೀನು ಬಲೆಗಳನ್ನು ಎರಡು ಪದರ ಹೊದಿಸಿ ಮಾಡಿದ ಚಪ್ಪರ ಅದು. ಹಲಸಿನ ತುಂಡುಗಳಿಗೆ ಬಾಳೆನಾರಿನಿಂದ ಕಟ್ಟಿದ ಗಿಡಗಳು ಸಾಲಾಗಿ ತೂಗುತ್ತಿದ್ದವು. ನಡುವೆ ಒಂದು ಕೊಕ್ಕೆ ಖಾಲಿ. ಪಕ್ಕದ ಗಿಡದ ಒಣಬೇರೊಂದನ್ನು ಮುರಿದು ತಂದು ಶೇಖರನ ಮೂಗಿನೆದುರು ಹಿಡಿದರು.

“ಇದನ್ನು ನೆಕ್ಕಿ. ಆಮೇಲೆ ಅದನ್ನು.”

“ನಾನಾ? ಇಲ್ಲಪ್ಪ. ಬೆಳಿಗ್ಗೆ ಗೋಳಿಬಜೆ ತಿಂದದ್ದೇ ಹೊಟ್ಟೆಯಲ್ಲಿ ಕೂತಿಲ್ಲ.”

“ನೆಕ್ಕಿ ಮಾರಾಯ. ಒಬ್ಬ ಮನುಷ್ಯನನ್ನು ಜೀಪು ಹತ್ತಿಸುವವರು ಒಂದು ಬೇರು ನೆಕ್ಕಲಿಕ್ಕೆ ಹೆದರುವುದಾ?”

ಶೇಖರ ಅತ್ತ ಇತ್ತ ನೋಡಿ, ಟೊಪ್ಪಿ ತೆಗೆದು, ಔಷಧ ಕುಡಿಯುವವನಂತೆ ಕಣ್ಣುಮುಚ್ಚಿ ನೆಕ್ಕಿದ. ಮೊದಲನೆಯದಕ್ಕೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಕಣ್ಣು ತೆರೆದ.

“ಉಪ್ಪು!”

“ಹೌದಲ್ವಾ? ತಿಂಗಳುಗಟ್ಟಲೆ ಉಪ್ಪುನೀರು ಕುಡಿದ ಗಿಡ ಇದು. ಈ ತೋಟದ್ದೇ ಅಲ್ಲ.”

ಹನುಮವ್ವ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ಆದರೆ ಲಿಯೋನೆಲ್ ಅಂಕಲ್ ಇದೇ ಅಂದರಲ್ಲ,” ಎಂದಳು ಶಶಿಕಲಾ.

ಶಶಿಕಲಾ ಮಣಿಪಾಲದವಳು. ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ ಅವಳದೇ ಒಂದು ಪುಟ್ಟ ಪ್ರಯೋಗಾಲಯ ಇತ್ತು. ಸೀತಾಳೆಯ ಬೀಜ ಪೌಡರಿನ ಹಾಗೆ, ಊದಿದರೆ ಹಾರುತ್ತದೆ. ಮಣ್ಣಿಗೆ ಹಾಕಿದರೆ ಸಾವಿರಕ್ಕೆ ಒಂದೂ ಹುಟ್ಟುವುದಿಲ್ಲ. ಕಾಯಿ ಒಡೆಯುವ ಮೊದಲೇ ತಂದು, ಗಾಜಿನ ಶೀಷೆಯೊಳಗೆ ಲೋಳೆಯ ಮೇಲೆ ಬಿತ್ತಿ ಸಸಿ ಎಬ್ಬಿಸುವ ವಿದ್ಯೆ ಅವಳಿಗೆ ಗೊತ್ತಿತ್ತು. ಈ ಕಾಯಿಗಾಗಿ ಅವಳು ಶೀಷೆಗಳನ್ನು ಕುದಿಸಿ ಕಾದಿದ್ದಳು. ಸುದ್ದಿ ಕೇಳಿದ ಕೂಡಲೇ ಬಿಳಿ ಮಾರುತಿಯಲ್ಲಿ ಓಡಿಬಂದು ಬೆಳಿಗ್ಗೆಯಿಂದ ಲಿಯೋನೆಲ್ ಅವರ ಬೆನ್ನು ಸವರುತ್ತ ಇದ್ದಳು.

“ಕಣ್ಣೀರು ತುಂಬಿದ ಕಣ್ಣಿಗೆ ಎಲ್ಲ ಗಿಡವೂ ಒಂದೇ,” ಎಂದರು ಬರ್ತಾಬಾಯಿ. “ಹೂವಿಲ್ಲದಾಗ ಇದರ ದಾಯಾದಿ ಸೀತಾಳೆಗಳೂ ಹೀಗೇ ಕಾಣುವುದಂತೆ. ನೀನೇ ಮೊನ್ನೆ ಹೇಳಿದ್ದಲ್ವಾ ಮಗಾ?”

“ಸಾಕು ಬರ್ತಾ.” ಲಿಯೋನೆಲ್ ತಲೆಯೆತ್ತಿದರು. ಮುಖ ಸುಣ್ಣದ ಹಾಗಿತ್ತು. “ಇದೇ ಗಿಡ ಅಂತ ನಾನು ಹೇಳುತ್ತಿದ್ದೇನೆ. ಬಿಟ್ಟುಬಿಡು.”

ತನ್ನ ಗಿಡ ಇನ್ನೂ ಸತ್ತಿಲ್ಲ ಎಂದು ತಿಳಿದವರು ಹೇಳುವ ಮಾತು ಇದಲ್ಲ. ಬರ್ತಾಬಾಯಿಗೆ ಅದು ಎಲ್ಲೋ ಒಂದು ಕಡೆ ಚುಚ್ಚಿತು. ಆದರೆ ಆಗ ಅವರು ಗೆಲುವಿನಲ್ಲಿದ್ದರು. ಗೆಲುವಿನಲ್ಲಿರುವಾಗ ಅವರ ನಾಲಗೆ ಸ್ವಲ್ಪ ಉದ್ದ.

“ಬಿಡುವುದೆಂಥದ್ದು! ಇದು ಯಾರ ಮನೆಯ ಗಿಡ ಅಂತಲೂ ಹೇಳುತ್ತೇನೆ,” ಎಂದು ಬೇರಿನ ಅಡಿಭಾಗ ತೋರಿಸಿದರು. “ಸೀತಾಳೆ ಒಮ್ಮೆ ಹಿಡಿದದ್ದನ್ನು ಬಿಡುವುದಿಲ್ಲ. ಕಿತ್ತರೆ ಹಿಡಿದದ್ದರ ಚೂರನ್ನೂ ಕಿತ್ತುಕೊಂಡೇ ಬರುತ್ತದೆ. ನೋಡಿ, ಇಲ್ಲಿ ಹಲಸಿನ ತೊಗಟೆ ಉಂಟಾ? ಇಲ್ಲ. ಡಾಂಬರು. ಡಾಂಬರಿನ ಮೇಲೆ ನೀಲಿ ಪೇಂಟಿನ ಚಕ್ಕೆ. ಎಂತ ಅದು?”

“ದೋಣಿ,” ಎಂದ ಶೇಖರ. ಅವನು ಮಲ್ಪೆಯಲ್ಲಿ ಹುಟ್ಟಿ ಬೆಳೆದವನು.

“ದೋಣಿಯ ಹಲಗೆ! ಸವುಳು ಬಾವಿ, ದೋಣಿ ಹಲಗೆಗೆ ಕಟ್ಟಿದ ಸೀತಾಳೆ. ಇಡೀ ತಾಲೂಕಿನಲ್ಲಿ ಅಂಥ ಜಗಲಿ ಒಂದೇ.”

“ಯಾರದ್ದು?” ಎಂದಳು ಶಶಿಕಲಾ.

“ಕೆಮ್ಮಣ್ಣಿನ ಪ್ಯಾಟ್ರಿಶಿಯಾಳದ್ದು. ಫಲಪುಷ್ಪ ಪ್ರದರ್ಶನದಲ್ಲಿ ಎರಡು ವರ್ಷ ಲಿಯೋನೆಲ್‌ಗೆ ಸೋತವಳು.”

ಶೇಖರ ಟೊಪ್ಪಿ ಹಾಕಿಕೊಂಡ. ಅವನು ಕೆಟ್ಟವನಲ್ಲ, ಆದರೆ ಅವನ ಮೇಲೆಯೂ ಜನ ಇದ್ದರು. “ಬಾಯಿ, ನೀವು ಹೇಳಿದ್ದು ಸರಿ ಇರಬಹುದು. ಆದರೆ ಗಿಡ ಸಿಕ್ಕಿದ್ದು ಇವನ ಮಾಡಿನಲ್ಲಿ. ಈಗ ಠಾಣೆಗೆ ಕರೆದುಕೊಂಡು ಹೋಗಲೇಬೇಕು. ಸಂಜೆ ಐದಕ್ಕೆ ಸಾಹೇಬರು ಬರುತ್ತಾರೆ. ಅಷ್ಟರೊಳಗೆ ನಿಜವಾದ ಗಿಡ ತಂದು ತೋರಿಸಿದರೆ ಇವನು ಮನೆಗೆ. ಇಲ್ಲವಾದರೆ ಕೇಸು.”

“ತರುತ್ತೇನೆ,” ಎಂದರು ಬರ್ತಾಬಾಯಿ, ಸಂತೆಯಿಂದ ಬಸಳೆ ತರುವವರಂತೆ. “ಪ್ಯಾಟ್ರಿಶಿಯಾಳ ಮನೆಯಲ್ಲಿ ಫೋನು ಉಂಟು. ನಂಬ್ರ ಬರೆದುಕೊಳ್ಳಿ.”

ಶೇಖರ ಅಂಗೈಯಲ್ಲೇ ಬರೆದುಕೊಂಡ.

ಗೇಟಿನ ಹತ್ತಿರ ಬಿಂಬುಳಿ ಮರದಡಿ ನೆಲವೆಲ್ಲ ಬೆರಳುದ್ದದ ಹಸಿರು ಹುಳಿಗಾಯಿ ಬಿದ್ದಿತ್ತು. ಶಶಿಕಲಾ ಒಳ್ಳೊಳ್ಳೆಯ ನಾಲ್ಕು ಆರಿಸಿ ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಿದ್ದಳು. “ಸಾರಿಗೆ,” ಎಂದಳು, ನಾಚಿಕೊಂಡವಳಂತೆ. ದುಃಖದಲ್ಲಿ ಕೈಗಳಿಗೆ ಏನಾದರೂ ಕೆಲಸ ಬೇಕು ಎಂದುಕೊಂಡರು ಬರ್ತಾಬಾಯಿ.

“ಉಡುಪಿವರೆಗೆ ಬಿಡಲಾ, ಬಾಯಿ?”

“ಬೇಡ ಮಗಾ, ನಾನು ಬಸ್ಸಿನಲ್ಲೇ ಬರುತ್ತೇನೆ. ಈ ಹನುಮವ್ವ ನಿನ್ನೆಯಿಂದ ಊಟ ಮಾಡಿಲ್ಲ.”

ಬಿಳಿ ಮಾರುತಿ ಹೆದ್ದಾರಿಗೆ ಏರಿ ಹೋಯಿತು.

*

ಹನುಮವ್ವನನ್ನು ಕಾಪು ಪೇಟೆಯ ಹೋಟೆಲಿನಲ್ಲಿ ಕೂರಿಸಿ, ಊಟ ತರಿಸಿ, ಎದುರು ಕೂತು ತಿನ್ನಿಸಿದ್ದಾಯಿತು. ಅವಳು ತುತ್ತಿಗೊಮ್ಮೆ ನಿಲ್ಲಿಸುತ್ತಿದ್ದಳು. “ಅನ್ನ ತಿನ್ನು. ಗಂಡ ಬಂದಾಗ ನಿಂತುಕೊಳ್ಳುವ ಶಕ್ತಿಯಾದರೂ ಬೇಡವಾ?” ಎಂದು ಬರ್ತಾಬಾಯಿ ಗದರಿದರು. ಒಂದು ಗಂಟೆ ಹೋಯಿತು. ಉಡುಪಿ ಬಸ್ ನಿಲ್ದಾಣದಲ್ಲಿ ಕೆಮ್ಮಣ್ಣಿನ ಬಸ್ಸು ಹೊರಟುಹೋಗಿತ್ತು, ಇನ್ನೊಂದಕ್ಕೆ ಕಾದರು. ಕಂಡಕ್ಟರು “ರೈಟ್, ಪೋಯಿ!” ಎಂದು ಬಾಗಿಲು ಬಡಿದಾಗ ಮಧ್ಯಾಹ್ನ ದಾಟಿತ್ತು.

ಕಿಟಕಿ ಬದಿ ಕೂತು ಅವರು ಆ ಗಿಡದ ಬಗ್ಗೆ ಯೋಚಿಸಿದರು.

ಬಜಗೋಳಿಯಿಂದ ಕುದುರೆಮುಖಕ್ಕೆ ಹೋಗುವ ರಸ್ತೆ ಅಗಲ ಮಾಡುವಾಗ ಒಂದು ದೊಡ್ಡ ಮರ ಉರುಳಿತ್ತು. ಕಾರ್ಕಳದಿಂದ ಬರುತ್ತಿದ್ದ ಲಿಯೋನೆಲ್ ಕಾರು ನಿಲ್ಲಿಸಿ ನೋಡಿದರೆ ಕೊಂಬೆ ಸವರುವವರು ಆ ಗಿಡವನ್ನು ಬಂದಣಿಕೆ ಎಂದು ಕತ್ತಿಯಿಂದ ಕೆರೆಯುತ್ತಿದ್ದರು. ಆ ಕಡೆಯ ಜನ ಮಾಡುವ ತಪ್ಪೇ ಅದು. ಬಂದಣಿಕೆ ಮರದ ರಸ ಹೀರುತ್ತದೆ, ಸೀತಾಳೆ ಮರದ ಮೇಲೆ ಬರೇ ಕೂತಿರುತ್ತದೆ. ಮೇಲೆ ಕೂತದ್ದೆಲ್ಲ ಹೀರುವಂಥದ್ದೇ ಎಂದುಕೊಂಡು ಎರಡನ್ನೂ ಒಟ್ಟಿಗೇ ಕೆರೆದು ಬಿಸಾಡುತ್ತಾರೆ. ಉಳಿದ ಒಂದು ಬುಡವನ್ನು ಲಿಯೋನೆಲ್ ಒದ್ದೆ ಬನಿಯನ್ನಿನಲ್ಲಿ ಸುತ್ತಿ ತಂದರು. ಮೂರನೆಯ ವರ್ಷ ಅದು ಹೂ ಬಿಟ್ಟಿತು. ಕೆನೆಬಣ್ಣದ ಗೊಂಚಲು, ಬೆಳಗಿನ ಹೊತ್ತು ಕಾಯಿಸಿದ ತುಪ್ಪದ ಪರಿಮಳ. ಆಮೇಲೆ ಆ ಕಾಡನ್ನೆಲ್ಲ ಜಾಲಾಡಿದರೂ ಅಂಥ ಇನ್ನೊಂದು ಸಿಗಲಿಲ್ಲ.

ಹಲ್ಲುಕಡ್ಡಿಯ ತುದಿಯಿಂದ ಅವರೇ ಹೂವಿಗೆ ಪರಾಗ ಮುಟ್ಟಿಸಿದರು. ಎರಡು ಸಲ ಕಾಯಿ ಉದುರಿತು. ಮೂರನೆಯ ಸಲ ನಿಂತಿತು. ಸಸಿಗಳಾದರೆ ಅರ್ಧದಷ್ಟನ್ನು ಬಜಗೋಳಿಯ ಮರಗಳಿಗೆ ವಾಪಸು ಕಟ್ಟಬೇಕು ಎಂದು ಶಶಿಕಲಾಳ ಹತ್ತಿರ ಮಾತೂ ಆಗಿತ್ತು.

ಆ ಒಂದು ಕಾಯಿಯ ಹಿಂದೆ ಈಗ ಒಬ್ಬ ಬಡವನ ಮಾನವೂ ಸಿಕ್ಕಿಕೊಂಡಿತ್ತು.

*

ಪ್ಯಾಟ್ರಿಶಿಯಾಳ ಮನೆ ಹೊಳೆಯ ಬದಿಯಲ್ಲಿತ್ತು. ಜಗಲಿಯ ತುಂಬ ಮುರಿದ ದೋಣಿಗಳ ಹಲಗೆಗಳು, ನೀಲಿ, ಹಸಿರು, ಕೆಂಪು. ಒಂದೊಂದಕ್ಕೂ ನೈಲಾನ್ ಬಲೆದಾರದಿಂದ ಬಿಗಿದ ಸೀತಾಳೆಗಳು. ಗಂಡನ ಬೋಟುಗಳು ಮಲ್ಪೆಯಲ್ಲಿದ್ದ ಕಾಲದಿಂದ ಅವಳಿಗೆ ಈ ಹುಚ್ಚು.

ಅವಳು ಒಳಗೆ ಮೀನು ಕೊಯ್ಯುತ್ತಿದ್ದವಳು ಕತ್ತಿ ಹಿಡಿದೇ ಬಂದಳು. “ಅಗೋ ಬರ್ತಾ! ನನ್ನ ಮಗಳಿಗೆ ಮದುವೆಯಾಗಿ ನಾಲ್ಕು ವರ್ಷ ಆಯಿತು. ಇನ್ನು ಎಂತ ವಿಚಾರಿಸಲಿಕ್ಕೆ ಬಂದೆ?”

“ನಿನ್ನನ್ನೇ. ಕತ್ತಿ ಕೆಳಗಿಡು, ನನಗೆ ಹೆದರಿಕೆಯಾಗುತ್ತದೆ.”

“ನಿನಗೆ ಹೆದರಿಕೆ! ಸಂಬಂಧ ನೋಡಲಿಕ್ಕೆ ಬಂದ ಗಂಡಸರು ನಿನ್ನನ್ನು ಕಂಡರೆ ಓಡುತ್ತಾರೆ.”

ಬರ್ತಾಬಾಯಿ ನಗುತ್ತ ಜಗಲಿಯ ಉದ್ದಕ್ಕೂ ನಡೆದರು. ಕೊನೆಯಲ್ಲಿ ಒಂದು ನೀಲಿ ಹಲಗೆ ಬರಿದಾಗಿತ್ತು. ಅದರ ಮೇಲೆ ಬೇರುಗಳ ಗುರುತು ಹಾವು ಹರಿದ ಹಾಗೆ ಬೆಳ್ಳಗೆ ಉಳಿದಿತ್ತು. ಅಲ್ಲಲ್ಲಿ ಪೇಂಟು ಎದ್ದುಹೋಗಿತ್ತು.

“ಇದರಲ್ಲಿದ್ದದ್ದು ಎಲ್ಲಿ?”

“ಒಣಗಿತು. ಬಿಸಾಡಿದೆ.”

“ಎಲ್ಲಿಗೆ ಬಿಸಾಡಿದೆ? ಕಾಪುವಿಗಾ? ಭಾರೀ ದೂರ ಬಿಸಾಡುತ್ತೀ ನೀನು.”

ಪ್ಯಾಟ್ರಿಶಿಯಾ ಸೆರಗಿನಿಂದ ಕೈ ಒರೆಸಿಕೊಂಡಳು. ಅಗತ್ಯಕ್ಕಿಂತ ಹೆಚ್ಚು ಹೊತ್ತು ಒರೆಸಿಕೊಂಡಳು. “ನಾನು ಕಳ್ಳಿ ಅಂತ ಹೇಳಲಿಕ್ಕೆ ಬಂದದ್ದಾ? ಹೇಳು. ಲಿಯೋನೆಲ್ ಒಂದು ತುಂಡು ಕೊಡು ಅಂದರೆ ಕೊಡಲಿಲ್ಲ, ನಾನು ಹೊಟ್ಟೆ ಉರಿದುಕೊಂಡೆ, ಅದು ಊರಿಗೆಲ್ಲ ಗೊತ್ತುಂಟು. ಆದರೆ ಬೇರೆಯವರ ಬೇಲಿ ಹಾರುವ ಪ್ರಾಯವಾ ನನ್ನದು? ಈ ಮಂಡಿ ನೋಡು.”

“ಮಂಡಿ ಬೇಡ. ಅದು ಎಂತ?”

ಬರ್ತಾಬಾಯಿ ಬೆರಳು ತೋರಿಸಿದ್ದು ಮೂಲೆಯ ಒಂದು ಗಿಡಕ್ಕೆ. ಎರಡು ದೊಡ್ಡ ಹಲಗೆಗಳ ಹಿಂದೆ ಅಡಗಿಸಿದಂತೆ ತೂಗುತ್ತಿತ್ತು. ಎಲೆಗಳು ದಪ್ಪ, ಹೊಳೆಯುವ ಹಸಿರು. ಉಳಿದೆಲ್ಲವೂ ದೋಣಿ ಹಲಗೆಯ ಮೇಲಿದ್ದರೆ ಅದೊಂದು ಹಲಸಿನ ತುಂಡಿನ ಮೇಲೆ. ಉಳಿದೆಲ್ಲಕ್ಕೂ ನೈಲಾನ್ ದಾರ, ಅದಕ್ಕೆ ಬಾಳೆನಾರು. ಬೇರು ಮರವನ್ನು ಹಿಡಿಯುವ ಹೊತ್ತಿಗೆ ತಾನೇ ಕೊಳೆತು ಬಿಟ್ಟುಕೊಡುವ ಬಾಳೆನಾರು. ಹಾಗೆ ಕಟ್ಟುವವರು ಆ ಸೀಮೆಯಲ್ಲಿ ಒಬ್ಬರೇ.

“ಪ್ಯಾಟ್ರಿಶಿಯಾ, ಇದು ಲಿಯೋನೆಲ್ ಕಟ್ಟಿದ ಗಂಟು.”

“ಸಾಯ್ಬಾ, ದೇವರೇ!” ಪ್ಯಾಟ್ರಿಶಿಯಾ ಬೆಂಚಿನ ಮೇಲೆ ಕೂತಳು. “ನಾನು ಮೊದಲೇ ಹೇಳಿದೆ ಅವನಿಗೆ, ಬರ್ತಾಳ ಕಣ್ಣು ತಪ್ಪಿಸಲಿಕ್ಕೆ ಆಗುವುದಿಲ್ಲ ಅಂತ.”

“ಯಾರಿಗೆ ಹೇಳಿದೆ?”

“ಯಾರಿಗೆ ಅಂದರೆ! ಲಿಯೋನೆಲ್‌ಗೆ. ಅವನೇ ತಂದು ಕಟ್ಟಿದ್ದು.”

ಬರ್ತಾಬಾಯಿ ಅವಳ ಪಕ್ಕದಲ್ಲೇ ಕೂತರು. ತಮ್ಮ ಮುಖದಲ್ಲಿ ಆಶ್ಚರ್ಯ ಕಾಣದ ಹಾಗೆ ನೋಡಿಕೊಳ್ಳುವುದು ಅವರ ಕಸುಬಿನ ಮೊದಲ ಪಾಠ. “ಎಲ್ಲ ಹೇಳು.”

“ಶನಿವಾರಕ್ಕೆ ಎರಡು ದಿನ ಮೊದಲು ಕಾರಿನಲ್ಲಿ ಬಂದ. ಹತ್ತಿರದವರೇ ಯಾರೋ ಗಿಡದ ಮೇಲೆ ಕಣ್ಣು ಹಾಕಿದ್ದಾರೆ, ಹೊರದೇಶಕ್ಕೆ ಮಾರುವ ಅಂದಾಜು ಉಂಟು, ಕಾಯಿ ಬಲಿಯುವವರೆಗೆ ನಿನ್ನ ಹತ್ತಿರ ಇರಲಿ ಅಂದ. ಯಾರು ಅಂತ ಕೇಳಿದರೆ ಹೇಳಲಿಲ್ಲ. ನನ್ನ ಒಣಗಿದ ಗಿಡ ಕಿತ್ತುಕೊಂಡು ಹೋದ, ಅವನ ಕೊಕ್ಕೆಗೆ ಅದನ್ನು ತೂಗುಹಾಕಲಿಕ್ಕೆ. ಕಳ್ಳ ಬಂದರೆ ಕಸ ಕದಿಯಲಿ ಅಂತ ನಗಾಡಿದ.”

“ಕಾಯಿ? ಒಣಗಿದ ಗಿಡಕ್ಕೆ ಕಾಯಿ ಎಲ್ಲಿಂದ ಬಂತು?”

“ಅದೇ ತಮಾಷೆ. ಕಾಯಿಯ ಬೀಜ ಹಾರಬಾರದು ಅಂತ ಅವನು ಮಲ್ಮಲ್ ಬಟ್ಟೆಯ ಚೀಲ ಕಟ್ಟಿದ್ದ ಅಲ್ವಾ? ನನ್ನ ಗಿಡದ ತೊಟ್ಟಿಗೂ ಅಂಥದೇ ಚೀಲ ಕಟ್ಟಿ, ಒಳಗೆ ಒಂದು ಬಿಂಬುಳಿ ಇಟ್ಟ. ಅದೇ ಗಾತ್ರ, ಅದೇ ಗೆರೆ. ಹೊರಗಿಂದ ಮುಟ್ಟಿದರೆ ದೇವರಿಗೂ ಗೊತ್ತಾಗಲಿಕ್ಕಿಲ್ಲ.”

ಬರ್ತಾಬಾಯಿಗೆ ಈಗ ಬೆಳಗಿನದ್ದೆಲ್ಲ ಒಂದೊಂದಾಗಿ ಸರಿಯಾಗಿ ಕೂತಿತು. ಬಗ್ಗಿ ನೋಡದೆ “ಇದೇ” ಎಂದ ಲಿಯೋನೆಲ್. ಕತ್ತಲಲ್ಲಿ ಮುಟ್ಟಿಯೇ ತನ್ನ ಗಿಡ ಗುರುತಿಸುವ ಮನುಷ್ಯ! ಕದ್ದವನು ಚೀಲ ಬಿಚ್ಚಿದ, ಬಿಂಬುಳಿ ಕಂಡ, ಮೋಸ ಹೋದದ್ದು ತಿಳಿದು ಕಸವನ್ನು ಪರಮಾನಂದನ ಮಾಡಿಗೆ ತುರುಕಿದ. ಲಿಯೋನೆಲ್‌ಗೆ ಅದು ನಕಲಿ ಎಂದು ಗೊತ್ತಿತ್ತು. ಬಾಯಿ ಬಿಟ್ಟರೆ ಅಸಲಿ ಎಲ್ಲಿ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೇ “ಸಾಕು ಬರ್ತಾ” ಎಂದದ್ದು.

“ಅವನ ಗಿಡ ಉಳಿಯಿತು,” ಎಂದರು. ಧ್ವನಿ ಏರಲಿಲ್ಲ, ಆದರೆ ಪ್ಯಾಟ್ರಿಶಿಯಾ ಸ್ವಲ್ಪ ಆಚೆ ಸರಿದಳು. “ಆದರೆ ಇಬ್ಬರು ಪೊಲೀಸರ ನಡುವೆ ನಿಂತ ಪರಮಾನಂದನನ್ನು ನೋಡಿಯೂ ಸುಮ್ಮನೆ ಕೂತನಲ್ಲ! ಗಿಡಕ್ಕೆ ಮಳೆನೀರು ಕೂಡಿಟ್ಟವನಿಗೆ ಮನುಷ್ಯನಿಗಾಗಿ ಒಂದು ಮಾತು ಖರ್ಚು ಮಾಡಲಿಕ್ಕೆ ಆಗಲಿಲ್ಲ. ಅವನನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ. ಆ ಗಿಡ ಇಳಿಸು. ಐದು ಗಂಟೆಯೊಳಗೆ ಠಾಣೆ ಮುಟ್ಟಬೇಕು.”

“ಪೊಲೀಸರಿಗೆ ನನ್ನ ಹೆಸರು…”

“ಅಡಗಿಸಿಟ್ಟವಳು ಅಂತಲ್ಲ, ಕಾಪಾಡಿದವಳು ಅಂತ ಹೇಳುತ್ತೇನೆ. ನನ್ನ ಮಾತು ನಿನಗೆ ಗೊತ್ತುಂಟಲ್ಲ.”

ಪ್ಯಾಟ್ರಿಶಿಯಾಳ ಮುಖ ಅರಳಿತು. ಮಂಡಿಯ ನೋವು ಮರೆತು ಸ್ಟೂಲು ಹತ್ತಿ ಗಿಡವನ್ನು ಕೂಸಿನ ಹಾಗೆ ಎರಡು ಕೈಯಲ್ಲಿ ಇಳಿಸಿ ಕೊಟ್ಟಳು. “ನೋಡು, ಹೇಗೆ ಇಟ್ಟಿದ್ದೇನೆ! ನೀರು ಕೂಡ ಅವನದೇ, ಕ್ಯಾನಿನಲ್ಲಿ ತಂದು ಕೊಟ್ಟಿದ್ದಾನೆ. ಕಾಯಿ ಹಳದಿಗೆ ತಿರುಗುತ್ತ ಉಂಟು. ಬೆಳಿಗ್ಗೆ ನಾನೇ ಚೀಲ ಬಿಚ್ಚಿ ನೋಡಿದೆ.”

ಬರ್ತಾಬಾಯಿ ಎಲೆಗಳ ನಡುವಿನ ಬಿಳಿ ಚೀಲವನ್ನು ಬೆರಳಿಂದ ಮೆಲ್ಲಗೆ ಒತ್ತಿದರು. ಒಳಗೆ ಕಾಯಿ ಇತ್ತು. ಮೆತ್ತಗಿತ್ತು.

ಅವರ ಬೆರಳು ನಿಂತಿತು.

“ಹಳದಿ ಅಂದೆಯಲ್ಲ? ಗಟ್ಟಿ ಇತ್ತಾ?”

“ಕಲ್ಲಿನ ಹಾಗೆ.”

ಬರ್ತಾಬಾಯಿ ಚೀಲದ ದಾರ ಎಳೆದರು. ಅವರ ಅಂಗೈಗೆ ಒಂದು ಬಿಂಬುಳಿ ಬಿತ್ತು. ಹಸಿರು, ಹೊಳೆಯುವ, ಸ್ವಲ್ಪವೂ ಬಾಡದ ಬಿಂಬುಳಿ. ಗಿಡದ ತೊಟ್ಟಿನ ತುದಿಯನ್ನು ಬ್ಲೇಡಿನಿಂದ ಕತ್ತರಿಸಿದಂತೆ ನೇರವಾಗಿ ಕೊಯ್ಯಲಾಗಿತ್ತು. ಬೆರಳು ತಾಗಿಸಿದರೆ ಇನ್ನೂ ಹಸಿ.

ಪ್ಯಾಟ್ರಿಶಿಯಾ ಎದೆಗೆ ಕೈಯಿಟ್ಟುಕೊಂಡಳು. “ನನ್ನ ಆಣೆ ಬರ್ತಾ, ನಾನಲ್ಲ! ಹನ್ನೊಂದು ಗಂಟೆಗೆ ಸಂತೆಕಟ್ಟೆಗೆ ಮೀನಿಗೆ ಹೋದೆ. ಬಾಗಿಲು ಹಾಕಿದ್ದೆ, ಜಗಲಿಗೆ ಎಂತ ಬಾಗಿಲು? ಅಷ್ಟರಲ್ಲಿ…”

“ನಿನ್ನ ಹಿತ್ತಲಲ್ಲಿ ಬಿಂಬುಳಿ ಮರ ಉಂಟಾ?”

“ಇಲ್ಲಿಯ ಉಪ್ಪು ಮಣ್ಣಿನಲ್ಲಿ ಎಲ್ಲಿಯ ಬಿಂಬುಳಿ? ನಾನು ಲಿಯೋನೆಲ್ ಮನೆಯಿಂದಲೇ ಕೇಳಿ ತರಿಸುವುದು.”

ಬಿಂಬುಳಿಯ ಆಟ ಗೊತ್ತಿದ್ದದ್ದು ಲಿಯೋನೆಲ್, ಪ್ಯಾಟ್ರಿಶಿಯಾ, ಮತ್ತು ಮೊದಲ ಚೀಲ ಬಿಚ್ಚಿ ಮೋಸ ಹೋದ ಕಳ್ಳ. ಆ ಕಳ್ಳನಿಗೆ ಗೊತ್ತಿಲ್ಲದ್ದು ಒಂದೇ ಒಂದು, ಅಸಲಿ ಗಿಡ ಎಲ್ಲಿದೆ ಎಂಬುದು. ಅದನ್ನು ಈ ಬೆಳಿಗ್ಗೆ ಅಂಗಳದಲ್ಲಿ ನಿಂತು, ಊರು, ಹೆಸರು, ಜಗಲಿಯ ಸಮೇತ ಕೂಗಿ ಹೇಳಿದವರು ಯಾರು?

ತಮ್ಮದೇ ನಾಲಗೆಯಲ್ಲಿ ಬರ್ತಾಬಾಯಿಗೆ ಆ ಉಪ್ಪು ಮತ್ತೆ ತಾಗಿದಂತಾಯಿತು.

ಅವರು ಕಣ್ಣು ಮುಚ್ಚಿದರು. ಗೇಟಿನ ಬಳಿಯ ಮರ. ನೆಲದಿಂದ ಆರಿಸುತ್ತಿದ್ದ ಬೆರಳುಗಳು. ಗಂಟು ಹಾಕಿದ ಕರವಸ್ತ್ರ. ‘ಸಾರಿಗೆ’ ಎಂದ ನಾಚಿಕೆಯ ನಗು. ಹೆದ್ದಾರಿಗೆ ಏರಿದ ಬಿಳಿ ಮಾರುತಿ.

ಒಳಗೆ ಫೋನು ಬಡಿದುಕೊಂಡಿತು. ಪ್ಯಾಟ್ರಿಶಿಯಾ ಓಡಿಹೋಗಿ ತೆಗೆದಳು, ಕೇಳಿದಳು, ಬಾಯಿಗೆ ಕೈ ಅಡ್ಡ ಇಟ್ಟು ಕರೆದಳು. “ನಿನಗೆ. ಪೊಲೀಸು.”

“ಬಾಯಿ, ನೀವು ಇನ್ನು ಬಿಸಿಲಲ್ಲಿ ತಿರುಗುವುದು ಬೇಡ,” ಶೇಖರನ ಧ್ವನಿಯಲ್ಲಿ ಬೇಸರ ಇತ್ತು. “ನಿಮ್ಮ ಪರಮಾನಂದ ಒಪ್ಪಿಕೊಂಡ.”

“ಎಂತ ಒಪ್ಪಿಕೊಂಡ?”

“ಕಾಯಿ ಕೊಯ್ದದ್ದು ನಾನೇ ಅಂತ. ಬ್ಲೇಡಿನಲ್ಲಿ ಕೊಯ್ದದ್ದಂತೆ. ಅಳುವುದಿಲ್ಲ, ಕರೆಯುವುದಿಲ್ಲ, ಪಾಠ ಒಪ್ಪಿಸಿದ ಹಾಗೆ ಹೇಳಿದ.”

ಬರ್ತಾಬಾಯಿ ಕೈಯಲ್ಲಿದ್ದ ಬಿಂಬುಳಿಯನ್ನು ನೋಡಿದರು. ಬೆಳಿಗ್ಗೆಯಿಂದ ಠಾಣೆಯ ಬೆಂಚಿನ ಮೇಲೆ ಕೂತಿರುವ ಮನುಷ್ಯ, ಕೆಮ್ಮಣ್ಣಿನ ಜಗಲಿಯಲ್ಲಿ ಈಗಷ್ಟೇ ಕೊಯ್ದ ಕಾಯಿ. ಪರಮಾನಂದನನ್ನು ಬಿಡಿಸಲು ಇದಕ್ಕಿಂತ ಒಳ್ಳೆಯ ಸಾಕ್ಷಿ ಅವನೇ ಹುಡುಕಿದರೂ ಸಿಗುತ್ತಿರಲಿಲ್ಲ. ಹಾಗಿದ್ದರೆ ಅವನ ಬಾಯಿಗೆ ಆ ಮಾತು ಹಾಕಿದ್ದು ಯಾರು? ಯಾವ ಹೆದರಿಕೆ ತೋರಿಸಿ?

“ಶೇಖರ, ಒಪ್ಪಿಕೊಳ್ಳುವ ಮೊದಲು ಅವನ ಹತ್ತಿರ ಯಾರಾದರೂ ಮಾತಾಡಿದರಾ?”

“ಹೊಡೆಯಲಿಲ್ಲ ಬಾಯಿ, ನನ್ನ ಆಣೆ. ಮಣಿಪಾಲದ ಮೇಡಂ ಬಂದಿದ್ದರು. ಪಾಪ, ಅವನಿಗೆ ಊಟ ಕೂಡ ತಂದಿದ್ದರು. ಎರಡು ನಿಮಿಷ ಬುದ್ಧಿ ಹೇಳುತ್ತೇನೆ ಅಂದರು, ಬಿಟ್ಟೆ. ಆಮೇಲೆ ಒಪ್ಪಿಕೊಂಡ.”

“ಮೇಡಂ ಈಗ ಎಲ್ಲಿದ್ದಾರೆ?”

“ಇಲ್ಲೇ, ನನ್ನ ಎದುರಿಗೆ ಕೂತಿದ್ದಾರೆ. ನಿಮ್ಮ ಹತ್ತಿರ ಏನೋ ಮಾತಾಡಬೇಕಂತೆ. ಕೊಡಲಾ?”

ಬರ್ತಾಬಾಯಿ ಬಿಂಬುಳಿಯ ಮೇಲೆ ಬೆರಳುಗಳನ್ನು ಮಡಿಚಿಕೊಂಡರು. ಹೊರಗೆ ಜಗಲಿಯಲ್ಲಿ ತುಪ್ಪ ಸೀತಾಳೆ ಹಲಸಿನ ತುಂಡನ್ನು ಬಿಗಿಯಾಗಿ ಹಿಡಿದುಕೊಂಡು ಬೆಂಚಿನ ಮೇಲೆ ಮಲಗಿತ್ತು.

“ಕೊಡಿ,” ಎಂದರು.